ಪಿಯಾನೋ ಡ್ರಮ್ ಆದಾಗ

ಪಿಯಾನೋ ತಂತಿವಾದ್ಯವೋ, ಬಡಿಯುವ ವಾದ್ಯವೋ? ಅದರ ಮುಚ್ಚಳ ತೆರೆದರೆ ಬಿಗಿದು ಕಟ್ಟಿದ ಸುಮಾರು 230 ತಂತಿಗಳು ಕಾಣುತ್ತವೆ. ವೀಣೆಯ ಬಂಧು ಎನ್ನೋಣವೆಂದರೆ ಆ ತಂತಿಗಳನ್ನು ಯಾರೂ ಮೀಟುವುದಿಲ್ಲ. ಕೀಲಿಯನ್ನು ಒತ್ತಿದಾಗ ಸನ್ನೆಗಳ ಸಾಲೊಂದು ಫೆಲ್ಟ್ ಹೊದಿಸಿದ ಪುಟ್ಟ ಸುತ್ತಿಗೆಯನ್ನು ತಂತಿಯತ್ತ ಚಿಮ್ಮಿಸುತ್ತದೆ. ತಂತಿಗೆ ತಾಗುವ ಮೊದಲೇ ಸುತ್ತಿಗೆ ಸನ್ನೆಯಿಂದ ಬಿಡಿಸಿಕೊಂಡಿರುತ್ತದೆ. ಹೊಡೆದು, ಕೆಲವೇ ಮಿಲಿಸೆಕೆಂಡುಗಳಲ್ಲಿ ಹಿಂದಕ್ಕೆ ಪುಟಿಯುತ್ತದೆ. ಡ್ರಮ್ ವಾದಕನ ಕೋಲು ಮಾಡುವುದೂ ಇದನ್ನೇ ಅಲ್ಲವೇ?

ಈ ಹೋಲಿಕೆಯನ್ನು ಕೊನೆಯವರೆಗೂ ಎಳೆದು ನೋಡಿದವರು ಅಮೆರಿಕದ ಜಾಝ್ ಪಿಯಾನೋ ವಾದಕ ಸೆಸಿಲ್ ಟೇಲರ್ (1929-2018). ಸಾಮಾನ್ಯ ಜಾಝ್ ಮೇಳದಲ್ಲಿ ಪಿಯಾನೋ ಮತ್ತು ಡ್ರಮ್‌ಗಳ ನಡುವೆ ಬಾಸ್ ಎಂಬ ದೊಡ್ಡ ತಂತಿವಾದ್ಯ ಇರುತ್ತದೆ. ನಡಿಗೆಯನ್ನೂ ಆಧಾರ ಸ್ವರಗಳನ್ನೂ ಅದು ಹಿಡಿದಿಡುತ್ತದೆ. 1979ರ ಡಿಸೆಂಬರ್ 15ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಟೇಲರ್ ಮತ್ತು ಡ್ರಮ್ ವಾದಕ ಮ್ಯಾಕ್ಸ್ ರೋಚ್ (1924-2007) ಬಾಸ್ ಇಲ್ಲದೆ ಇಬ್ಬರೇ ಕುಳಿತರು. ಇದೇನು ಸಣ್ಣ ಸಾಹಸವಲ್ಲ. ರೋಚ್ 1940ರ ದಶಕದಲ್ಲೇ ಜಾಝ್ ಡ್ರಮ್ಮಿನ ದಿಕ್ಕು ಬದಲಿಸಿದ ಹಿರಿಯರು. ಟೇಲರ್ ನುಡಿಸುವುದು ಬರೀ ಗದ್ದಲ ಎನ್ನುವವರು ಬಹಳ ಜನರಿದ್ದರು. ಅವಕಾಶಗಳಿಲ್ಲದ ದಿನಗಳಲ್ಲಿ ಅವರು ಪಾತ್ರೆ ತೊಳೆದು ಹೊಟ್ಟೆ ಹೊರೆದದ್ದೂ ಉಂಟು.

ಆ 'ಗದ್ದಲ' ಹುಟ್ಟುವುದು ಹೇಗೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ಹಾರ್ಮೋನಿಯಂ ಸಿಕ್ಕರೆ ಕೆಳಸ್ಥಾಯಿಯ ಅಕ್ಕಪಕ್ಕದ ಒಂದು ಬಿಳಿ, ಒಂದು ಕಪ್ಪು ಮನೆಯನ್ನು ಒಟ್ಟಿಗೆ ಒತ್ತಿ. ನಾದ ಅಲುಗಿದಂತೆ ಕೇಳಿಸುತ್ತದೆ. ಇವೇ ವಿಸ್ಪಂದಗಳು. ಎರಡು ಆವೃತ್ತಿಗಳ ವ್ಯತ್ಯಾಸ ಎಷ್ಟೋ, ಸೆಕೆಂಡಿಗೆ ಅಷ್ಟು ಸಲ ನಾದ ಏರಿ ಇಳಿಯುತ್ತದೆ. ಪಿಯಾನೋದ ಅತಿ ಕೆಳಗಿನ ಎರಡು ಕೀಲಿಗಳ ಆವೃತ್ತಿ 27.5 ಮತ್ತು 29.1 ಹರ್ಟ್ಸ್. ಅವುಗಳ ಮೂಲಸ್ವರಗಳ ಏರಿಳಿತ ಸೆಕೆಂಡಿಗೆ ಎರಡು ಸಲವೂ ಇಲ್ಲ. ಕೀಲಿಮಣೆಯ ನಡುಭಾಗದ 261.6 ಮತ್ತು 277.2 ಹರ್ಟ್ಸ್ ಸ್ವರಗಳಲ್ಲಿ ಅದು ಹದಿನೈದನ್ನು ದಾಟುತ್ತದೆ. ಆಗ ಕಿವಿಗೆ ಬಿಡಿ ಏರಿಳಿತ ತಿಳಿಯದೆ ಒಂದು ಬಗೆಯ ಒರಟುತನ ಮಾತ್ರ ಉಳಿಯುತ್ತದೆ.

ಈಗ ಎರಡಲ್ಲ, ಇಪ್ಪತ್ತು ಕೀಲಿಗಳನ್ನು ಊಹಿಸಿ. ಪಿಯಾನೋದಲ್ಲಿ ಒಂದು ಸ್ಥಾಯಿಯ ಅಗಲ ಸುಮಾರು 16.5 ಸೆಂ.ಮೀ. ಮುಂಗೈಯನ್ನು ಅಡ್ಡಲಾಗಿ ಊರಿದರೆ ಒಂದೂವರೆ ಸ್ಥಾಯಿಯಾದರೂ ಒಮ್ಮೆಲೇ ನುಡಿಯುತ್ತದೆ. ಒಳಕಿವಿಯ ಶಂಖದಲ್ಲಿರುವ ಪೊರೆಯ ಮೇಲೆ ಒಂದೊಂದು ಆವೃತ್ತಿಗೂ ಒಂದೊಂದು ತಾಣ. ಹತ್ತಿರದ ಆವೃತ್ತಿಗಳು ಒಟ್ಟಿಗೆ ನುಗ್ಗಿದರೆ ತಾಣಗಳು ಒಂದರ ಮೇಲೊಂದು ಹಾಯುತ್ತವೆ. ಸ್ವರಗಳನ್ನು ಬೇರ್ಪಡಿಸಲು ಮಿದುಳಿಗೆ ಆಗುವುದಿಲ್ಲ. ಹೆಚ್ಚು, ಕಡಿಮೆ, ದಪ್ಪ, ತೆಳು ಎಂಬಷ್ಟೇ ತಿಳಿಯುತ್ತದೆ. ಡ್ರಮ್ಮಿನಲ್ಲಿ ನಾವು ಗುರುತಿಸುವುದೂ ಅಷ್ಟನ್ನೇ. ಟೇಲರ್ ಅಂಗೈ, ಮುಂಗೈಗಳನ್ನು ಬಳಸಿದ್ದು ಇದಕ್ಕಾಗಿ.

ಡ್ರಮ್ಮಿನ ಕಥೆ ಇದಕ್ಕೆ ತಿರುಗುಮುರುಗು. ಎಳೆದು ಕಟ್ಟಿದ ತಂತಿಯ ಉಪಸ್ವರಗಳು ಮೂಲಸ್ವರದ 2, 3, 4 ಪಟ್ಟು ಇರುತ್ತವೆ. (ಪಿಯಾನೋ ತಂತಿ ತುಸು ಸೆಡೆತಿರುವುದರಿಂದ ಅವು ಸ್ವಲ್ಪ ಹೆಚ್ಚೇ ಬರುತ್ತವೆ.) ದುಂಡಗಿನ ಪೊರೆಯಲ್ಲಾದರೋ ಅವು 1.59, 2.14, 2.30 ಪಟ್ಟು. ಒಂದಕ್ಕೊಂದು ಹೊಂದದ ಕಾರಣ ಶ್ರುತಿ ನಿಲ್ಲುವುದಿಲ್ಲ. ನಮ್ಮ ಮೃದಂಗದ ಕರಣೆ ಈ ಕೊರತೆಯನ್ನು ನೀಗಿಸುತ್ತದೆ ಎಂಬುದನ್ನು ಸಿ.ವಿ. ರಾಮನ್ 1920ರಲ್ಲಿ ಸಹೋದ್ಯೋಗಿಯೊಬ್ಬರೊಂದಿಗೆ ವಿವರಿಸಿದರು. ಅದೇ ವರ್ಷ ಅವರು ಪಿಯಾನೋ ಸುತ್ತಿಗೆಯ ಹೊಡೆತದ ಬಗ್ಗೆಯೂ ಇನ್ನೊಬ್ಬರೊಂದಿಗೆ ಪ್ರಬಂಧ ಪ್ರಕಟಿಸಿದರು!

ಜಾಝ್ ಡ್ರಮ್ಮಿಗೆ ಕರಣೆ ಇಲ್ಲ. ಆದರೂ ಬಿಗಿತವನ್ನು ಹೊಂದಿಸಿ ಒಂದು ಡ್ರಮ್ಮಿಗಿಂತ ಇನ್ನೊಂದನ್ನು ಏರು ದನಿಗೆ ತರಬಹುದು. ರೋಚ್ ಹೀಗೆ ಹೊಂದಿಸಿದ ಡ್ರಮ್‌ಗಳಲ್ಲಿ ರಾಗದಂತಹ ಸಾಲುಗಳನ್ನೇ ಕಟ್ಟುತ್ತಿದ್ದರು. ಅಂದರೆ ಪಿಯಾನೋ ಶ್ರುತಿಯನ್ನು ಬಿಟ್ಟು ಡ್ರಮ್ಮಿನ ಕಡೆಗೆ ನಡೆಯುತ್ತಿದ್ದಾಗ ಡ್ರಮ್ ಸ್ವರದ ಕಡೆಗೆ ಬರುತ್ತಿತ್ತು. ಬಾಸ್ ಇದ್ದಿದ್ದರೆ ಇಬ್ಬರನ್ನೂ ಅದು ತಮ್ಮ ತಮ್ಮ ಜಾಗಕ್ಕೆ ಎಳೆದು ಕೂರಿಸುತ್ತಿತ್ತು ಎಂದೇ ನನ್ನ ಅನಿಸಿಕೆ.

ಆ ಸಂಜೆ ಇಬ್ಬರೂ ಮೊದಲು ಸ್ವಲ್ಪ ಹೊತ್ತು ಒಬ್ಬೊಬ್ಬರೇ ನುಡಿಸಿ, ಬಳಿಕ ಒಂದು ಗಂಟೆಗೂ ಹೆಚ್ಚು ಕಾಲ ಜೊತೆಗೂಡಿದರು. ಅದರ ಧ್ವನಿಮುದ್ರಣವನ್ನು 1984ರಲ್ಲಿ ಇಟಲಿಯ ಸೋಲ್ ನೋಟ್ ಸಂಸ್ಥೆ ಹೊರತಂದಿತು. ಕೇಳುವಾಗ ತಾಳ ಎಣಿಸಲು ಹೋಗಬೇಡಿ, ಸಿಗುವುದಿಲ್ಲ. ದನಿ ಎಲ್ಲಿ ದಟ್ಟವಾಯಿತು, ಎಲ್ಲಿ ತೆಳುವಾಯಿತು, ಆ ಬದಲಾವಣೆಯನ್ನು ಮೊದಲು ತಂದವರು ಯಾರು ಎಂಬುದನ್ನಷ್ಟೇ ಗಮನಿಸಿ.