ಒಂದೇ ಕ್ಲಿಕ್, ಎರಡು ಫೈಲ್: ನನ್ನ ಜೆಪೆಗ್ ಎಲ್ಲಿ ಹೋಯ್ತು?

ಇವತ್ತಿನ ಸಂಚಿಕೆಗೆ ಕಾರಣ ಕುಂದಾಪುರ ಕಡೆಯ ಒಬ್ಬ ಕೇಳುಗರು ಕಳಿಸಿದ ವಾಯ್ಸ್ ಮೆಸೇಜ್. ರಾತ್ರಿಯಿಡೀ ಕೂತು ಯಕ್ಷಗಾನದ ಫೋಟೊ ತೆಗೆದಿದ್ದಾರೆ, ಕ್ಯಾಮೆರಾದಲ್ಲಿ 'ರಾ ಪ್ಲಸ್ ಜೆಪೆಗ್' ಹಾಕಿಕೊಂಡು. ಬೆಳಗ್ಗೆ ಲೈಟ್‌ರೂಮ್ ಕ್ಲಾಸಿಕ್‌ಗೆ ಇಂಪೋರ್ಟ್ ಮಾಡಿದರೆ ಕಾರ್ಡ್‌ನಲ್ಲಿದ್ದ ಫೈಲ್‌ಗಳಲ್ಲಿ ಅರ್ಧ ಮಾತ್ರ ಕಾಣ್ತಿವೆಯಂತೆ. ಮೇಳದವರು ಇವತ್ತೇ ಫೋಟೊ ಕೇಳ್ತಿದ್ದಾರೆ, ಕಾರ್ಡ್ ಸಂಜೆಗೆ ಬೇಕು, ಫಾರ್ಮ್ಯಾಟ್ ಮಾಡ್ಲಾ ಅನ್ನೋದು ಪ್ರಶ್ನೆ.

ಸ್ವಲ್ಪ ತಡೀರಿ. ಫೈಲ್ ಕಳೆದಿಲ್ಲ, ಅವಿತುಕೊಂಡಿದೆ ಅಷ್ಟೆ.

ಈ ಆಯ್ಕೆಯಲ್ಲಿ ಒಂದು ಸಲ ಬಟನ್ ಒತ್ತಿದರೆ ಎರಡು ಫೈಲ್ ಹುಟ್ಟುತ್ತವೆ. ಹೆಸರು ಒಂದೇ, ಕೊನೆಯ ಎಕ್ಸ್‌ಟೆನ್ಶನ್ ಮಾತ್ರ ಬೇರೆ. ಜೆಪೆಗ್ ಅಂದ್ರೆ ಕ್ಯಾಮೆರಾ ತಾನೇ ಅಡುಗೆ ಮಾಡಿ ಬಡಿಸಿದ ಊಟ: ಬಣ್ಣ, ಕಾಂಟ್ರಾಸ್ಟ್, ಶಾರ್ಪ್‌ನೆಸ್ ಎಲ್ಲಾ ಮುಗಿದಿರತ್ತೆ. ರಾ ಅಂದ್ರೆ ಇನ್ನೂ ಒಲೆಗೆ ಇಡದ ಅಕ್ಕಿ. ಲೆಕ್ಕದಲ್ಲಿ ಹೇಳೋದಾದ್ರೆ, ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ. 14 ಬಿಟ್ ರಾ ಫೈಲ್‌ನಲ್ಲಿ 16,384. ರಂಗಸ್ಥಳದ ಕೆಂಪು ಲೈಟ್ ಕಿರೀಟದ ಮೇಲೆ ಬಿದ್ದಾಗ ಜೆಪೆಗ್‌ನಲ್ಲಿ ಅದು ಬರೀ ಕೆಂಪು ಮುದ್ದೆ ಆಗಿಬಿಡಬಹುದು. ರಾ ಇದ್ದರೆ ಕುಸುರಿ ಕೆಲಸ ಸ್ವಲ್ಪವಾದರೂ ವಾಪಸ್ ತರೋಕೆ ಆಗತ್ತೆ. ವೈಟ್ ಬ್ಯಾಲೆನ್ಸ್ ಕೂಡ ಆಮೇಲೆ ನಿರ್ಧರಿಸಬಹುದು.

ಈಗ ಅಸಲಿ ವಿಷಯ. ಲೈಟ್‌ರೂಮ್ ಕ್ಲಾಸಿಕ್ ಡಿಫಾಲ್ಟ್ ಆಗಿ ಈ ಜೋಡಿಯನ್ನ ಒಂದೇ ಫೋಟೊ ಅಂತ ನೋಡತ್ತೆ. ಥಂಬ್‌ನೇಲ್ ರಾ ಫೈಲ್‌ದು, ಜೆಪೆಗ್ ಅದರ ಬಾಲಂಗೋಚಿ. ಫೋಲ್ಡರ್ ತೆರೆದು ನೋಡಿ, ಪಕ್ಕದಲ್ಲೇ ಕೂತಿರತ್ತೆ. ಬೇರೆ ಬೇರೆ ಕಾಣಬೇಕು ಅಂದ್ರೆ ಪ್ರಿಫರೆನ್ಸಸ್‌ನ ಜನರಲ್ ಟ್ಯಾಬ್‌ಗೆ ಹೋಗಿ, 'ಟ್ರೀಟ್ ಜೆಪೆಗ್ ಫೈಲ್ಸ್ ನೆಕ್ಸ್ಟ್ ಟು ರಾ ಫೈಲ್ಸ್ ಆ್ಯಸ್ ಸೆಪರೇಟ್ ಫೋಟೋಸ್' ಅನ್ನೋ ಮಾರುದ್ದದ ಸಾಲಿಗೆ ಟಿಕ್ ಹಾಕಿ. ಈಗಾಗಲೇ ಇಂಪೋರ್ಟ್ ಆಗಿದ್ದರೆ ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಸಿಂಕ್ರನೈಸ್ ಫೋಲ್ಡರ್ ಕೊಡಿ, ಜೆಪೆಗ್‌ಗಳು ಹೊಸದಾಗಿ ಬರ್ತವೆ.

ಹಾಗಂತ ಎಲ್ಲರೂ ಟಿಕ್ ಹಾಕಲೇಬೇಕು ಅಂತ ನಾನು ಹೇಳಲ್ಲ. ಜೋಡಿಯಾಗಿದ್ದರೆ ಲೈಟ್‌ರೂಮ್ ಒಳಗೆ ಹೆಸರು ಬದಲಿಸಿದಾಗ, ಜಾಗ ಬದಲಿಸಿದಾಗ ಎರಡೂ ಒಟ್ಟಿಗೆ ಹೋಗ್ತವೆ. ಡಿಸ್ಕ್‌ನಿಂದ ಅಳಿಸಿದಾಗಲೂ ಒಟ್ಟಿಗೇ ಹೋಗ್ತವೆ, ಅದು ನೆನಪಿರಲಿ! ಬೇರೆ ಮಾಡಿದರೆ ರಾ ಫೋಟೊಗೆ ಕೊಟ್ಟ ಸ್ಟಾರ್ ಜೆಪೆಗ್‌ಗೆ ಅಂಟಲ್ಲ, ಒಂದೇ ಮುಖವನ್ನ ಎರಡೆರಡು ಸಲ ನೋಡಬೇಕು. ಸಾವಿರ ಫೋಟೊ ಇದ್ದರೆ ತಲೆ ಕೆಡತ್ತೆ. ಆಗ ಲೈಬ್ರರಿ ಫಿಲ್ಟರ್‌ನಲ್ಲಿ ಫೈಲ್ ಟೈಪ್ ಆರಿಸಿ ಜೆಪೆಗ್ ಮಾತ್ರ, ಅಥವಾ ರಾ ಮಾತ್ರ ಇಟ್ಕೊಳ್ಳಿ. ನನ್ನ ಅಭ್ಯಾಸ ಕೇಳಿದ್ರೆ, ತುರ್ತಾಗಿ ಕಳಿಸೋ ಕೆಲಸ ಇದ್ದಾಗ ಮಾತ್ರ ಬೇರೆ ಮಾಡ್ತೀನಿ, ಉಳಿದಂತೆ ಜೋಡಿಯೇ ಹಿತ.

ಇನ್ನೊಂದು ಗೊಂದಲ. ನೀವು ಎಡಿಟ್ ಮಾಡಿದ್ದು ರಾ ಫೈಲ್‌ಗೆ. ಜೆಪೆಗ್ ಹಾಗೇ ಇರತ್ತೆ. ಫೋಲ್ಡರ್‌ನಿಂದ ಜೆಪೆಗ್ ಎತ್ತಿ ವಾಟ್ಸಾಪ್ ಮಾಡಿದರೆ ಹೋಗೋದು ಕ್ಯಾಮೆರಾ ಮಾಡಿದ ಬಣ್ಣ, ನಿಮ್ಮದಲ್ಲ. ಎಡಿಟ್ ಬೇಕಂದ್ರೆ ಎಕ್ಸ್‌ಪೋರ್ಟ್ ಮಾಡಿ, ಅದೂ ಬೇರೆ ಫೋಲ್ಡರ್‌ಗೆ. ಅದೇ ಜಾಗಕ್ಕೆ ಅದೇ ಹೆಸರಲ್ಲಿ ಹಾಕಿದರೆ ಹಳೇ ಜೆಪೆಗ್ ಮೇಲೆ ಕೂರೋ ಅಪಾಯ ಇದೆ.

ದುಡ್ಡು ಕೊಡೋಕೆ ಇಷ್ಟ ಇಲ್ಲ ಅನ್ನೋರಿಗೆ ಡಾರ್ಕ್‌ಟೇಬಲ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಅದು ಎರಡನ್ನೂ ಇಂಪೋರ್ಟ್ ಮಾಡಿ ಒಂದೇ ಹೆಸರಿನವನ್ನ ಗುಂಪು ಕಟ್ಟತ್ತೆ. ಜೆಪೆಗ್ ಬೇಡ ಅಂದ್ರೆ ಬಿಡೋ ಆಯ್ಕೆಯೂ ಇದೆ.

ಫೋನ್‌ನಲ್ಲೂ ಇದೇ ಕಥೆ. ಪಿಕ್ಸೆಲ್ ಫೋನ್‌ನಲ್ಲಿ ರಾ ಆನ್ ಮಾಡಿದರೆ ಜೆಪೆಗ್ ಹೆಸರಲ್ಲಿ 'ಕವರ್' ಅಂತ, ಡಿಎನ್‌ಜಿ ಹೆಸರಲ್ಲಿ 'ಒರಿಜಿನಲ್' ಅಂತ ಇರತ್ತೆ. ಐಫೋನ್‌ನ ಪ್ರೊರಾ ಆದ್ರೆ 12 ಮೆಗಾಪಿಕ್ಸೆಲ್‌ಗೆ ಸುಮಾರು 25 ಎಂಬಿ, 48ಕ್ಕೆ ಸುಮಾರು 75. ಸ್ಟೋರೇಜ್ ಯಾಕೆ ತುಂಬ್ತು ಅಂತ ಇನ್ನು ಕೇಳಬೇಡಿ.

ಕುಂದಾಪುರದ ಗೆಳೆಯರೇ, ಈಗ ಮಾಡಬೇಕಾದ್ದು: ಕಾರ್ಡ್‌ನಲ್ಲಿರೋ ಫೈಲ್‌ಗಳ ಸಂಖ್ಯೆಯನ್ನ ಕಂಪ್ಯೂಟರ್ ಫೋಲ್ಡರ್ ಜತೆ ಹೋಲಿಸಿ, ಲೈಟ್‌ರೂಮ್ ಪರದೆ ಜತೆ ಅಲ್ಲ. ಎರಡೂ ಸರಿಹೋದರೆ ಇನ್ನೊಂದು ಡ್ರೈವ್‌ಗೂ ಕಾಪಿ ಮಾಡಿ, ಆಮೇಲೆ ಕಾರ್ಡ್ ಖಾಲಿ ಮಾಡಿ. ಮೇಳದವರಿಗೆ ಜೆಪೆಗ್ ಈಗಲೇ ಕಳಿಸಬಹುದು.