ಮೊಣಕೈ ನೋವು: ದುಡಿಯುವ ಕೈಯ ಬೇನೆ

ನಮ್ಮ ಜತ್ತ ತಾಲೂಕಿನ ಉಮದಿ, ಸಂಖ ಮೊದಲಾದ ಕನ್ನಡ ಹಳ್ಳಿಗಳಲ್ಲಿ ದುಡಿಯದ ಕೈ ವಿರಳ. ಏಪ್ರಿಲ್, ಅಕ್ಟೋಬರ್ ಸುಮಾರಿಗೆ ದ್ರಾಕ್ಷಿಯ ಚಾಟಣಿ ನಡೆದಾಗ ದಿನವಿಡೀ ಕತ್ತರಿ ಹಿಡಿಯುವವರೂ, ನಿತ್ಯ ರೊಟ್ಟಿ ಬಡಿದು ಅರಿವೆ ಹಿಂಡುವ ತಾಯಂದಿರೂ "ಮೊಣಕೈ ಹಿಡಿದಿದೆ, ತಂಬಿಗೆ ಸಹ ಎತ್ತಲಾಗದು" ಎನ್ನುವದನ್ನು ನಾವು ಕೇಳುತ್ತಲೇ ಇರುತ್ತೇವೆ.

ಇಂಥ ನೋವನ್ನು ವೈದ್ಯರು ಬಹುಮಟ್ಟಿಗೆ 'ಟೆನ್ನಿಸ್ ಎಲ್ಬೊ' ಎಂದು ಗುರುತಿಸುವರು. ಸಚಿನ್ ತೆಂಡೂಲ್ಕರರು 2005ರಲ್ಲಿ ಇದಕ್ಕಾಗಿ ಶಸ್ತ್ರಕ್ರಿಯೆ ಮಾಡಿಸಿಕೊಂಡಾಗ ಆ ಹೆಸರು ಮನೆಮಾತಾಯಿತು. ಆದರೆ ಇದು ಆಟಗಾರರ ಸೊತ್ತಲ್ಲ. 1873ರಲ್ಲಿ ಜರ್ಮನಿಯ ರುಂಗೆ ಎಂಬ ವೈದ್ಯನು ಇದನ್ನು ವರ್ಣಿಸಿದ್ದು ಬರೆಯುವ ಕೈಯ ನೋವಿನ ವಿಚಾರದಲ್ಲಿ. ಟೆನ್ನಿಸ್ಸಿನ ಹೆಸರು ಅಂಟಿದ್ದು ಹತ್ತು ವರ್ಷಗಳ ತರುವಾಯ.

ನೋವು ಮೊಣಕೈಯಲ್ಲಿದ್ದರೂ ಅದರ ಮೂಲವು ಮಣಿಕಟ್ಟಿನ ದುಡಿಮೆಯಲ್ಲಿರುವದು. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳನ್ನು ಮೊಣಕೈಯ ಹೊರಬದಿಯ ಎಲುಬಿನ ಗಂಟಿಗೆ ಗಟ್ಟಿಯಾದ ಕಂಡರವು ಬಂಧಿಸಿದೆ. ಬಿಗಿಯಾಗಿ ಹಿಡಿದಾಗಲೆಲ್ಲ ಆ ಕಂಡರವು ಎಳೆಯಲ್ಪಡುವದು. ಬಿಡುವಿಲ್ಲದೆ ಅದೇ ಕೆಲಸ ಸಾಗಿದರೆ ಅದರ ಎಳೆಗಳು ಸವೆಯುವವು. ಮೊಣಕೈಯನ್ನು ನೀಟಾಗಿ ಚಾಚಿ, ಅಂಗೈ ಕೆಳಗೆ ಮಾಡಿ, ಒಬ್ಬರು ಒತ್ತಿ ಹಿಡಿದ ಹಸ್ತವನ್ನು ಮೇಲೆತ್ತಲು ಯತ್ನಿಸಿದಾಗ ಆ ಗಂಟಿನಲ್ಲಿ ನೋವೆದ್ದರೆ ಇದೇ ಬೇನೆಯೆಂದು ಊಹಿಸಬಹುದು.

ಚಾಟಣಿ ನಿಲ್ಲಬಾರದೆಂದು ಕೆಲವರು ಸ್ಟಿರಾಯ್ಡ್ ಸೂಜಿಗೆ ಆತುರಪಡುವರು. ಮೊದಲ ವಾರಗಳಲ್ಲಿ ನೋವು ಅಡಗುವದು ನಿಜ. ಆದರೆ ವರ್ಷ ಕಳೆಯುವ ಹೊತ್ತಿಗೆ ಸೂಜಿ ಹಾಕಿಸಿಕೊಂಡವರ ಗುಣವೇ ಹಿಂದೆ ಬಿದ್ದುದನ್ನು 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಸಂಶೋಧನೆಯೊಂದು ತೋರಿಸಿದೆ.

ಹಾಗಾದರೆ ಉಪಾಯವೇನು? ನೋವು ಹೆಚ್ಚಿಸುವ ಕೆಲಸವನ್ನು ಕೆಲವು ವಾರ ತಗ್ಗಿಸಬೇಕು. ಕೊಡ, ಚೀಲಗಳನ್ನು ಅಂಗೈ ಮೇಲ್ಮುಖವಾಗಿರಿಸಿ, ಮೊಣಕೈ ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಬೇಕು. ಮುಂದೋಳನ್ನು ಮೇಜಿನ ಮೇಲಿಟ್ಟು, ಹಸ್ತವನ್ನು ಅಂಚಿನಾಚೆ ಚಾಚಿ, ಹಗುರ ತೂಕವೊಂದನ್ನು ಹಿಡಿಯಬೇಕು. ಇನ್ನೊಂದು ಕೈಯ ನೆರವಿನಿಂದ ಹಸ್ತವನ್ನೆತ್ತಿ, ತಾನಾಗಿ ಮೆಲ್ಲನೆ ಇಳಿಸಬೇಕು. ದಿನಕ್ಕೆ ಹತ್ತು ಹದಿನೈದು ಸಲದಂತೆ ಎರಡು ಮೂರು ತಿಂಗಳು ಸಾಧಿಸಿದರೆ ಕಂಡರವು ಬಲಗೊಳ್ಳುವದು. ಬಹುಪಾಲು ಜನರಿಗೆ ಒಂದು ವರ್ಷದೊಳಗೆ ಶಸ್ತ್ರಕ್ರಿಯೆಯಿಲ್ಲದೆ ಗುಣವಾಗುವದು.

ಬಿದ್ದು ಪೆಟ್ಟಾಗಿದ್ದರೆ, ಕೀಲು ಬಾತು ಜ್ವರ ಬಂದಿದ್ದರೆ, ಕಿರುಬೆರಳು ಜೋಮು ಹಿಡಿದಿದ್ದರೆ ವೈದ್ಯರನ್ನು ಕಾಣಬೇಕು. ತೋಳಿನ ನೋವಿನೊಡನೆ ಎದೆ ಬಿಗಿದರೆ ಕ್ಷಣವೂ ತಡೆಯಬಾರದು. ಅದು ಹೃದಯದ ಕರೆಯಾಗಿರಬಹುದು.

ಕೂಲಿಯವರಿಗೆ ವಿಶ್ರಾಂತಿಯೆಂಬುದು ಹೊಟ್ಟೆಯ ಪ್ರಶ್ನೆ ಎಂಬುದನ್ನು ನಾವು ಬಲ್ಲೆವು. ಆದುದರಿಂದ ತೋಟದ ಧಣಿಗಳು ನೊಂದ ಕೈಗೆ ಕತ್ತರಿಯ ಬದಲು ಬೇರೆ ಕೆಲಸ ಕೊಡಲಿ. ಮನೆಯಲ್ಲಿ ಅರಿವೆ ಹಿಂಡಲು ಗಂಡಸರೂ ಮುಂದಾಗಲಿ. ಈ ಬೇನೆಗೆ ಮೊದಲ ಮದ್ದು ಕೆಲಸದ ಹಂಚಿಕೆಯೇ.