ರೋಗಿಯ ಬಳಿಯೇ ಉಳಿಯುವ ಡಾಕ್ಟರೇಟ್

ಶುಶ್ರೂಷಕಿಯರು ಡಾಕ್ಟರೇಟ್ ಪಡೆದರೆ ರೋಗಿಗಳನ್ನು ಬಿಟ್ಟು ಬೋಧನೆಗೆ ತೆರಳುವರೆಂಬ ಭಾವನೆ ನಮ್ಮಲ್ಲಿದೆ. ಪಿಎಚ್.ಡಿ.ಯ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಅಮೆರಿಕದಲ್ಲಿ ಆರೈಕೆಯನ್ನೇ ಕೇಂದ್ರವಾಗಿಸಿಕೊಂಡ ಮತ್ತೊಂದು ಪದವಿಯಿದೆ. ಅದು ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್’, ಅಂದರೆ ಡಿ.ಎನ್.ಪಿ. ಕೆಂಟಕಿ ವಿಶ್ವವಿದ್ಯಾಲಯವು 2001ರಲ್ಲಿ ಇದನ್ನು ಆರಂಭಿಸಿತು.

ಪಿಎಚ್.ಡಿ. ಹೊಸ ಜ್ಞಾನವನ್ನು ಅರಸುತ್ತದೆ, ಡಿ.ಎನ್.ಪಿ. ಇರುವ ಜ್ಞಾನವನ್ನು ವಾರ್ಡಿಗೆ ತಲುಪಿಸುತ್ತದೆ. ಮೂತ್ರದ ಕ್ಯಾತಿಟರನ್ನು ಅಗತ್ಯಕ್ಕಿಂತ ಹೆಚ್ಚು ದಿನ ಉಳಿಸಿದರೆ ಸೋಂಕಿನ ಅಪಾಯ ಹೆಚ್ಚುವುದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಕೆಲಸದ ಒತ್ತಡದಲ್ಲಿ ಅದು ಹಾಗೆಯೇ ಉಳಿದುಬಿಡುತ್ತದೆ. ‘ಇದು ಇಂದೂ ಬೇಕೆ?’ ಎಂದು ಪ್ರತಿ ಬೆಳಿಗ್ಗೆ ಕೇಳುವ ಕ್ರಮವನ್ನು ರೂಢಿಗೆ ತಂದು, ಸೋಂಕು ಇಳಿಯಿತೇ ಎಂದು ಅಳೆದು ತೋರಿಸುವುದು ಈ ಪದವಿಯ ಅಂತಿಮ ಯೋಜನೆಗೆ ತಕ್ಕ ವಿಷಯ. ಕಾಯಕವೇ ಇಲ್ಲಿ ಅಧ್ಯಯನವೆನ್ನಬಹುದು. 2006ರ ಮಾರ್ಗಸೂಚಿಯು ಬಿ.ಎಸ್ಸಿ.ಯ ನಂತರ ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ಅನುಭವವನ್ನು ವಿಧಿಸಿತ್ತು.

ಹೆಸರಿನ ಮುಂದೆ ‘ಡಾ.’ ಬಂದರೂ ಇವರು ಎಂ.ಬಿ.ಬಿ.ಎಸ್. ವೈದ್ಯರಲ್ಲ, ರೋಗಿಗೆ ಅದನ್ನು ಮೊದಲೇ ತಿಳಿಸುವುದು ಪ್ರಾಮಾಣಿಕತೆ.

ಮಕ್ಕಳನ್ನು ಅಲ್ಲಿಗೆ ಕಳುಹಿಸಲು ಸಾಲ ಮಾಡುವ ಸದ್ಭಕ್ತರು ಒಂದನ್ನು ಗಮನಿಸಬೇಕು. ಪ್ರವೇಶಕ್ಕೆ ಸಾಮಾನ್ಯವಾಗಿ ಅಮೆರಿಕದ ನರ್ಸಿಂಗ್ ಪರವಾನಗಿ ಬೇಕು. ಅದಕ್ಕಾಗಿ ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಮೊದಲು ಅದನ್ನು ದಾಟಲಿ, ಸಾಲದ ಮಾತು ಆಮೇಲೆ. ಇಲ್ಲಿಯೇ ಉಳಿಯಬಯಸುವವರಿಗೆ ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ 2 ವರ್ಷಗಳ ‘ನರ್ಸ್ ಪ್ರಾಕ್ಟಿಷನರ್ ಇನ್ ಕ್ರಿಟಿಕಲ್ ಕೇರ್’ ಸ್ನಾತಕೋತ್ತರ ಪದವಿಯಿದೆ. ಅದರ ಕಲಿಕೆಯ ಬಹುಭಾಗ ನಡೆಯುವುದು ತೀವ್ರ ನಿಗಾ ಘಟಕದಲ್ಲಿ.